ಗಜಗ ಎಲ್ಲಿ ಹೋದವು?

(ಗಡಹಿಂಗ್ಲಜದಲ್ಲಿ ಕೂಡಿದ್ದ ಕಾರ್ಮಿಕ ಕುಟುಂಬಗಳ ಮುಂದೆ ಆಡಿದ ಮಾತು. ತೋಟದ ಲೈನುಗಳಲ್ಲಿರುವ ನಮ್ಮ ಓದುಗರಿಗೆಂದು ಬರೆದು ಕಳಿಸಿದ್ದು.)



ಈ ಸಾಯಂಕಾಲ ನಮಗೆ ಕೊಟ್ಟ ವಿಷಯ ‘ಹವ್ಯಾಸಗಳು’ ಎಂಬುದು. ಈ ಶಬ್ದ ಪುಸ್ತಕದ್ದು. ನಮ್ಮ ಓಣಿಗಳಲ್ಲಿ ಯಾರೂ ‘ನನಗೆ ಇಂಥ ಹವ್ಯಾಸವಿದೆ’ ಎಂದು ಹೇಳಿದ್ದನ್ನು ನಾವು ಕೇಳಿಲ್ಲ. ‘ಅವಗ ಪಾರಿವಾಳದ ನಾದ ಹತ್ತೇತಿ’, ‘ಇವಗ ಕುಸ್ತಿ ನಾದ’ ಎನ್ನುತ್ತಾರೆ. ಮರಾಠಿಯವರೂ ನಾದ ಎಂದೇ ಅನ್ನುತ್ತಾರೆ. ನಾದ ಎಂದರೆ ಒಂದು ಹಿಡಿಯುವಂಥಾದ್ದು, ಬಿಡದಂಥಾದ್ದು. ಆದಕಾರಣ ಪುಸ್ತಕದ ಶಬ್ದವನ್ನು ಬಿಟ್ಟು ನಾದದ ಮಾತನ್ನೇ ಆಡೋಣ.

ಇಲ್ಲಿಗೆ ಬರುವ ಮೊದಲು ನಾವು ಕೆಲವು ಮನೆಗಳಿಗೆ ಹೋಗಿ ಕೇಳಿಕೊಂಡು ಬಂದೆವು. ‘ಕೆಲಸ ಬಿಟ್ಟ ಮ್ಯಾಲ ಏನ್ ಮಾಡತೀರಿ?’ ಎಂದು ಕೇಳಿದರೆ ಇಚಲಕರಂಜಿಯ ಮಗ್ಗದ ಅಣ್ಣಂದಿರು ನಕ್ಕರು. ‘ಮಲಗತೇವ್ರಿ, ಮತ್ತೇನ್ ಮಾಡೂದು.’ ಅಕ್ಕಂದಿರು ನಗಲಿಲ್ಲ. ‘ನಮಗ ಕೆಲಸ ಬಿಡೂದು ಯಾವಾಗ್ರಿ?’ ಎಂದರು. ಈ ಎರಡೂ ಉತ್ತರ ನಮಗೆ ಗೊತ್ತಿದ್ದವೇ. ಗೊತ್ತಿಲ್ಲದ್ದು ಮುಂದಿನದು. ‘ಹಾಗಾದರೆ ಸಣ್ಣವರಿದ್ದಾಗ ಏನು ಆಡತಿದ್ದಿರಿ?’ ಎಂದು ಕೇಳಿದಾಗ ಸುಮ್ಮನಾದರು. ಆಟದ ಮಾತು ತೆಗೆದರೆ ಬಾಯಿ ಬಿಚ್ಚುತ್ತಾರೆ ಎಂದು ನಾವು ತಿಳಿದಿದ್ದೆವು. ನಾಲ್ವತ್ತು ದಾಟಿದ ಒಬ್ಬ ಅಣ್ಣ ಬಹಳ ಹೊತ್ತು ಯೋಚಿಸಿ ಹೇಳಿದ: ‘ಆಡಿರಬೇಕ್ರಿ. ಆಡದ ಯಾರ್ ಬೆಳೀತಾರ? ಆದ್ರ ಅದು ನಂದು ಅನಸೂದಿಲ್ಲ. ಯಾರೋ ಹೇಳಿದ ಕತಿ ಆಗೇತಿ.’

ಅವನು ಕುಡುಕನಲ್ಲ, ಮರೆಗುಳಿಯಲ್ಲ. ಮೂರು ವರ್ಷದ ಹಿಂದೆ ಯಾವ ಬೀಮಿನಲ್ಲಿ ಎಷ್ಟು ಮೀಟರ್ ಇಳಿಸಿದ, ಎಷ್ಟು ಕೂಲಿ ಬಾಕಿ ಉಳಿಯಿತು ಎಂಬುದೆಲ್ಲ ಬಾಯಲ್ಲಿದೆ. ಬಾಲ್ಯ ಮಾತ್ರ ಅವನ ಕೈಗೆ ಹತ್ತುವುದಿಲ್ಲ. ಈ ಮಾತು ನಮ್ಮನ್ನು ಕೆಲವು ದಿನ ಬಿಡಲಿಲ್ಲ. ಅದನ್ನೇ ನಿಮ್ಮ ಮುಂದೆ ಇಡುತ್ತೇವೆ.

ಸಂಘದ ಕೆಲಸದಲ್ಲಿರುವ ಒಬ್ಬ ಸ್ನೇಹಿತರು ನಮ್ಮನ್ನು ಮೊದಲೇ ತಡೆದರು. ‘ಕೂಲಿ ಸಾಲದವರಿಗೆ ಹವ್ಯಾಸದ ಉಪದೇಶ ಯಾಕ? ಅದು ಬಂಗಲೆಯವರ ಮಾತು’ ಎಂದರು. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೂ ನಾವು ಒಪ್ಪುವುದಿಲ್ಲ. 1886ರಲ್ಲಿ ಅಮೆರಿಕದ ಶಿಕಾಗೋ ನಗರದ ಕೂಲಿಗಾರರು ಎಂಟು ಗಂಟೆಯ ದಿನ ಕೇಳಿ ಬೀದಿಗಿಳಿದರು. ದಿನದ ಎಂಟು ಗಂಟೆ ದುಡಿಮೆಗೆ, ಎಂಟು ಗಂಟೆ ನಿದ್ದೆಗೆ, ಉಳಿದ ಎಂಟು ಗಂಟೆ ತಮ್ಮ ಮನಸ್ಸಿಗೆ ಬಂದದ್ದಕ್ಕೆ ಎಂಬುದು ಆ ಹೋರಾಟದ ಲೆಕ್ಕವಾಗಿತ್ತು. ನಾವು ನಮ್ಮ ಸಭೆಗಳಲ್ಲಿ ಮೊದಲ ಎಂಟನ್ನು ಮಾತಾಡುತ್ತೇವೆ, ಎರಡನೆಯ ಎಂಟನ್ನೂ ಮಾತಾಡುತ್ತೇವೆ, ಮೂರನೆಯ ಎಂಟರ ಹತ್ತಿರ ಬಂದಾಗ ಚಹಾ ಬರುತ್ತದೆ, ಸಭೆ ಮುಗಿಯುತ್ತದೆ. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆ ಎಂದು ಬರೆಯಿತು. ಮಗ್ಗದ ಶೆಡ್ಡುಗಳಲ್ಲಿ ಹನ್ನೆರಡು ಗಂಟೆಯ ಪಾಳಿ ನಡೆದೇ ಇದೆ. ಹೋದದ್ದು ಯಾವ ಗಂಟೆಗಳು ಎಂದು ನೀವೇ ಲೆಕ್ಕ ಹಾಕಿರಿ.

ಇನ್ನು, ನಾವು ಯಾರು, ಎಲ್ಲಿಯವರು ಎಂಬುದನ್ನು ದೂರದ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಅದರ ಚಂದಗಡ ತಾಲೂಕು ಮಾತ್ರ ಈ ಕಡೆ ಉಳಿದು ಕೊಲ್ಹಾಪುರ ಜಿಲ್ಲೆಗೆ ಸೇರಿತು. ಗೆರೆ ಎಳೆದವರಿಗೆ ಗೆರೆ ನೆಟ್ಟಗೆ ಕಂಡಿರಬಹುದು. ಹಿರಣ್ಯಕೇಶಿ ಹೊಳೆಗೆ ಅದು ತಿಳಿಯದು. ಗಡಹಿಂಗ್ಲಜದ ಮಗ್ಗುಲಲ್ಲಿ ಹರಿದು ಸಂಕೇಶ್ವರಕ್ಕೆ ಹೋಗುತ್ತದೆ. ಗಡಹಿಂಗ್ಲಜದ ಪೇಟೆಗೆ ಬರುವ ಮೆಣಸಿನಕಾಯಿಗೆ ಹೆಸರು ಸಂಕೇಶ್ವರಿ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಈ ಸೀಮೆಯ ಎಷ್ಟೋ ಮನೆಗಳ ರೀತಿ ಇದು.

ಇಚಲಕರಂಜಿಯ ಕತೆ ಬೇರೆ. ಜಹಗೀರದಾರ ಘೋರ್ಪಡೆಯವರ ಆಶ್ರಯದಲ್ಲಿ ವಿಠ್ಠಲರಾವ್ ದಾತಾರರು 1904ರಲ್ಲಿ ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಆಮೇಲೆ ಮಗ್ಗದ ಹಿಂದೆ ಮಗ್ಗ ಬಂತು. ಜಮಖಂಡಿ ಕಡೆಯಿಂದ, ರಬಕವಿ ಬನಹಟ್ಟಿ ಕಡೆಯಿಂದ, ಚಿಕ್ಕೋಡಿ ಅಥಣಿ ಕಡೆಯಿಂದ ನಮ್ಮವರು ಗಂಟು ಮೂಟೆ ಕಟ್ಟಿಕೊಂಡು ಬಂದರು. ಗಂಡಸರು ಮಗ್ಗಕ್ಕೆ ನಿಂತರು, ಹೆಂಗಸರು ಕಾಂಡಿ ಸುತ್ತಲು ಕೂತರು. 2022ರಲ್ಲಿ ಊರು ಮಹಾನಗರಪಾಲಿಕೆ ಆಯಿತು. ನಮ್ಮ ಓಣಿ ಓಣಿಯೇ ಉಳಿಯಿತು.

ಈಗ ಮೂಲ ಮಾತಿಗೆ ಬರೋಣ. ಜ್ಯೇಷ್ಠದ ಹುಣ್ಣಿಮೆ ಬಂದರೆ ಇಚಲಕರಂಜಿಯಲ್ಲಿ ಎತ್ತಿನ ಹಬ್ಬವಿದೆ. ಅದನ್ನು ‘ಕರ್ನಾಟಕಿ ಬೇಂದೂರ’ ಎನ್ನುತ್ತಾರೆ. ಮರಾಠಿ ಸೀಮೆಯ ಬೇಂದೂರ ಒಂದು ತಿಂಗಳು ತಡೆದು ಆಷಾಢದಲ್ಲಿ ಬರುತ್ತದೆ, ಆದ್ದರಿಂದ ಇದಕ್ಕೆ ಈ ಹೆಸರು. ನೋಡಿರಿ, ಊರಿಗೆ ಊರೇ ನಮ್ಮ ಹಬ್ಬ ಮಾಡುತ್ತದೆ, ಹಬ್ಬದ ಹೆಸರಿನಲ್ಲಿ ನಮ್ಮ ನಾಡಿನ ಹೆಸರಿದೆ. ಆದರೆ ಆ ಓಣಿಯಲ್ಲೇ ಹುಟ್ಟಿದ ನಮ್ಮ ಹುಡುಗನನ್ನು ನಿಲ್ಲಿಸಿ ‘ಕಾರಹುಣ್ಣಿವಿ ಎಂದು?’ ಎಂದು ಕೇಳಿದರೆ ಕಣ್ಣು ಪಿಳಿ ಪಿಳಿ ಬಿಡುತ್ತಾನೆ. ಕರಿ ಹರಿಯುವುದು ಎಂದರೆ ಗೊತ್ತಿಲ್ಲ. ‘ಕರ ತೋಡಣೆ’ ಎಂದರೆ ಗೊತ್ತು. ಎರಡೂ ಒಂದೇ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಝೂಲ, ಅಗಸಿಗೆ ಅಡ್ಡ ಕಟ್ಟಿದ ಹಗ್ಗ, ಎತ್ತುಗಳ ಓಟ. ಯಾವ ಬಣ್ಣದ ಎತ್ತು ಮುಂದಾಗುತ್ತದೆಯೋ ಆ ಬಣ್ಣದ ಪೀಕು ಈ ವರ್ಷ ಚೆನ್ನಾಗಿ ಬರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅದು ಮಕ್ಕಳ ಹಬ್ಬ. ಹೊಳೆಯ ದಂಡೆಯ ಕರಿಮಣ್ಣು ತಂದು, ಕಲ್ಲು ಕಸ ಆರಿಸಿ, ಅಂಗೈಯಲ್ಲಿ ತಿಕ್ಕಿ ಎತ್ತು ಮಾಡಬೇಕು. ಕಾಲು ದಪ್ಪಾದರೆ ಎತ್ತು ಹಂದಿಯಾಗುತ್ತದೆ, ತೆಳ್ಳಗಾದರೆ ಮುರಿಯುತ್ತದೆ. ಡುಬ್ಬ ಸರಿಯಾಗಿ ಕೂತರೆ ಮಾತ್ರ ಎತ್ತು. ಕಣ್ಣಿಗೆ ಜೋಳದ ಕಾಳು, ಮುಂದೆ ಗ್ವಾದಲಿ. ಅದಾದ ಮೇಲೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ, ಅದೂ ಮಣ್ಣಿನದೇ. ಈಗ ಪೇಟೆಯಲ್ಲಿ ಬಣ್ಣ ಹಚ್ಚಿದ ಜೋಡೆತ್ತು ಕೊಳ್ಳಲು ಸಿಗುತ್ತವೆ. ಇಚಲಕರಂಜಿಯಲ್ಲಿ ಮಕ್ಕಳನ್ನು ಪಂಚಗಂಗೆಯ ಮಣ್ಣಿಗೆ ಕಳಿಸಲು ತಾಯಂದಿರು ಹೆದರುತ್ತಾರೆ. ಬಣ್ಣದ ಕಾರ್ಖಾನೆಗಳ ನೀರು ಆ ಹೊಳೆಯನ್ನು ಏನು ಮಾಡಿದೆ ಎಂದು ಎಲ್ಲರಿಗೂ ತಿಳಿದದ್ದೇ. ಹೀಗೆ ಮಣ್ಣು ಹೋಯಿತು, ಮಣ್ಣಿನ ಸಂಗಡ ಮಣ್ಣು ತಿಕ್ಕುವ ಕೈ ಹೋಯಿತು, ಕೈಯ ಸಂಗಡ ಆ ಕೈಗೆ ಗೊತ್ತಿದ್ದ ಶಬ್ದಗಳೂ ಹೋದವು.

ಶಬ್ದ ಹೋದರೆ ನೆನಪೂ ಹೋಗುತ್ತದೆಯೇ? ಇದನ್ನು ಓದಿದವರು ಪರೀಕ್ಷೆ ಮಾಡಿ ನೋಡಿದ್ದಾರೆ. ವಿಯೋರಿಕಾ ಮರಿಯನ್ ಎಂಬವರೂ ಉಲ್ರಿಕ್ ನೈಸರ್ ಎಂಬವರೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪರೀಕ್ಷೆಯನ್ನು 2000ದಲ್ಲಿ ಪ್ರಕಟಿಸಿದರು. ರಷ್ಯಾದ ಭಾಷೆಯಲ್ಲಿ ಬೆಳೆದು, ಆಮೇಲೆ ಅಮೆರಿಕಕ್ಕೆ ಬಂದು ಇಂಗ್ಲಿಷಿನಲ್ಲಿ ಬಾಳುತ್ತಿದ್ದ ತರುಣರನ್ನು ಕೂಡಿಸಿಕೊಂಡು ಅವರ ಜೀವನದ ನೆನಪುಗಳನ್ನು ಕೇಳಿದರು. ರಷ್ಯನ್ ಮಾತಿನಲ್ಲಿ ಕೇಳಿದಾಗ ರಷ್ಯನ್ ಮಾತಿನ ಕಾಲದ ನೆನಪುಗಳು ಹೆಚ್ಚು ಬಂದವು, ಇಂಗ್ಲಿಷಿನಲ್ಲಿ ಕೇಳಿದಾಗ ಇಂಗ್ಲಿಷಿನ ಕಾಲದವು ಹೆಚ್ಚು ಬಂದವು. ಮನುಷ್ಯರು ಅವರೇ, ತಲೆ ಅದೇ. ಕರೆದ ಭಾಷೆ ಬೇರೆ. ಯಾವ ಭಾಷೆಯಲ್ಲಿ ನಡೆದದ್ದೋ ಆ ಭಾಷೆಯಲ್ಲಿ ಕರೆದರೆ ನೆನಪು ಬೇಗ ಓಗೊಡುತ್ತದೆ.

ಮಗ್ಗದ ಆ ಅಣ್ಣನ ಸಂಗತಿ ನಮಗೆ ಆಗ ಸ್ವಲ್ಪ ಬಿಡಿಸಿತು. ಹತ್ತು ವರ್ಷದವನಿದ್ದಾಗ ಊರು ಬಿಟ್ಟವನು. ಆಡಿದ್ದು ಕನ್ನಡದಲ್ಲಿ. ಮೂವತ್ತು ವರ್ಷದಿಂದ ಮಾಲೀಕನ ಸಂಗಡ, ಜಾಬರನ ಸಂಗಡ, ಮಕ್ಕಳ ಮಾಸ್ತರರ ಸಂಗಡ, ಕಡೆಗೆ ಹೆಂಡತಿಯ ಸಂಗಡವೂ ಮರಾಠಿ. ಬಗರಿಯನ್ನು ‘ಭೋವರಾ’ ಎಂದು ಕರೆದರೆ ಅವನ ಬಗರಿ ತಿರುಗಿ ನೋಡುವುದಿಲ್ಲ. ಮರಾಠಿಯ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ, ಅದು ನಮಗೆ ಅನ್ನ ಕೊಟ್ಟ ಭಾಷೆ. ಗಡಿಯ ಜಗಳವನ್ನು ಈ ಅಂಗಳಕ್ಕೆ ತರಬೇಡಿರೆಂದು ಬೇಡಿಕೊಳ್ಳುತ್ತೇವೆ. ಆದರೆ ಅನ್ನದ ಭಾಷೆ ಬೇರೆ, ಅವ್ವನ ಭಾಷೆ ಬೇರೆ ಆದವರಿಗೆ ಹೀಗೊಂದು ಬಾಗಿಲು ಜಡಿದುಕೊಳ್ಳುತ್ತದೆ ಎಂಬುದು ನಿಜ.

ಇನ್ನೊಂದು ಕಾರಣ ಶೆಡ್ಡಿನ ಗದ್ದಲ. ಮಗ್ಗದ ಶೆಡ್ಡಿನ ಸಪ್ಪಳ 90 ಡೆಸಿಬೆಲ್ ದಾಟುತ್ತದೆ. ಎದುರಿಗೆ ನಿಂತವನ ಮಾತು ಕೇಳುವುದಿಲ್ಲ, ತುಟಿ ನೋಡಿ, ಕೈಸನ್ನೆ ನೋಡಿ ತಿಳಿಯಬೇಕು. ನಮ್ಮ ಅಜ್ಜಿಯಂದಿರು ಬೀಸುವಾಗ ಪದ ಹಾಡಿದರು, ಕುಟ್ಟುವಾಗ ಹಾಡಿದರು, ಕಳೆ ತೆಗೆಯುವಾಗ ಹಾಡಿದರು. ಕೆಲಸವೂ ಹಾಡೂ ಒಂದೇ ಉಸಿರಿನಲ್ಲಿ ನಡೆದವು. ಮಗ್ಗದ ಮುಂದೆ ಯಾರು ಹಾಡಿಯಾರು? ಹಾಡಿದರೂ ಯಾರು ಕೇಳಿಯಾರು? ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಅಕ್ಕಂದಿರು ಅಂಗೈ ಉರಿದರೂ ಸುತ್ತಾಗಿ ಕೂತಿರುತ್ತಾರೆ, ಒಬ್ಬಳು ಸುರು ಮಾಡಿದರೆ ಮತ್ತೊಬ್ಬಳು ಕೂಡಿಸುತ್ತಾಳೆ. ಅವರ ಕೂಲಿ ಮಗ್ಗದವರಿಗಿಂತ ಕಡಿಮೆ. ಹಾಡು ಮಾತ್ರ ಅವರಲ್ಲಿಯೇ ಉಳಿದಿದೆ. ಕಾಫಿ ತೋಟದಲ್ಲಿರುವ ನಮ್ಮ ಸಹೋದರಿಯರೇ, ಹಣ್ಣು ಕೊಯ್ಯುವಾಗ ನಿಮಗೂ ಪಕ್ಕದ ಸಾಲಿನವಳ ದನಿ ಕೇಳುತ್ತದಲ್ಲವೇ? ಅದನ್ನು ಸಣ್ಣದೆಂದು ಎಣಿಸಬೇಡಿರಿ.

ಈಗ ಒಬ್ಬ ಅಜ್ಜಿಯ ಸಂಗತಿ ಹೇಳಬೇಕು. ಹೆಸರು ಬೇಡ. ನೂಲ ಕಡೆಯ ಹಳ್ಳಿಯಿಂದ ಲಗ್ನವಾಗಿ ಬಂದು ಕೊಲ್ಹಾಪುರದಲ್ಲಿ ಐವತ್ತು ವರ್ಷಕ್ಕೂ ಮೇಲೆ ಬಾಳಿದವಳು. ಮರಾಠಿ ಎಷ್ಟು ಚೆನ್ನಾಗಿ ಆಡುತ್ತಿದ್ದಳೆಂದರೆ ಅವಳು ಕನ್ನಡದವಳೆಂದು ಸ್ವಂತ ಮೊಮ್ಮಕ್ಕಳಿಗೂ ಸರಿಯಾಗಿ ತಿಳಿದಿರಲಿಲ್ಲ. ಎಪ್ಪತ್ತೈದು ದಾಟಿದ ಮೇಲೆ ಮರೆವಿನ ಜಡ್ಡು ಬಂತು. ಮೊದಲು ದಿನಗಳು ಮರೆತವು, ಆಮೇಲೆ ಸೊಸೆಯ ಹೆಸರು, ಆಮೇಲೆ ಒಂದೊಂದಾಗಿ ಮರಾಠಿ ಶಬ್ದಗಳು. ಎರಡು ಭಾಷೆಯಲ್ಲಿ ಬಾಳಿದ ಕೆಲವರಿಗೆ ಈ ಜಡ್ಡಿನಲ್ಲಿ ಮೊದಲು ಕಲಿತ ಭಾಷೆಯೇ ಕಡೆಗೆ ಉಳಿಯುವುದನ್ನು ವೈದ್ಯರೂ ಕಂಡಿದ್ದಾರೆ.

ಒಂದು ದಿನ ಅಜ್ಜಿ ಎದ್ದು ಕೂತು ‘ನನ್ನ ಗಜಗ ಎಲ್ಲಿ?’ ಎಂದು ಕೇಳಿದಳು. ಮನೆಯವರಿಗೆ ತಿಳಿಯಲಿಲ್ಲ. ಮತ್ತೆ ಕೇಳಿದಳು, ಅತ್ತಳು, ಹಾಸಿಗೆ ಕೆದರಿ ಹುಡುಕಿದಳು. ಮೊಮ್ಮಗಳು ಯೋಚಿಸಿ ಯೋಚಿಸಿ, ಅಜ್ಜಿ ‘ಗಜರಾ’ ಕೇಳುತ್ತಿದ್ದಾಳೆ ಎಂದು ಓಡಿಹೋಗಿ ಮಲ್ಲಿಗೆಯ ದಂಡೆ ತಂದಳು. ಪಾಪ, ಪ್ರೀತಿಯಿಂದಲೇ ತಂದದ್ದು. ಅಜ್ಜಿ ಅದನ್ನು ಮೂಸಿ ನೋಡಿ, ಉಡಿಯಲ್ಲಿಟ್ಟುಕೊಂಡು, ಮತ್ತೆ ‘ಗಜಗ ಎಲ್ಲಿ?’ ಎಂದಳು. ಹೀಗೆ ಮೂರು ನಾಲ್ಕು ದಿನ.

ಕಡೆಗೆ ಆಚೆ ಗಲ್ಲಿಯಲ್ಲಿ ಭಾಂಡಿ ತೊಳೆಯುವ ನಮ್ಮ ಕಡೆಯ ಒಬ್ಬ ಅಕ್ಕ ಕೇಳಿಸಿಕೊಂಡಳು. ‘ಅಯ್ಯ, ಆಯಿ ಸಾಗರಗೋಟೆ ಕೇಳಾಕತ್ತಾಳ’ ಎಂದಳು. ತಿಳಿಯದವರಿಗೆ ಹೇಳುತ್ತೇವೆ: ಗಜಗ ಎಂದರೆ ಮುಳ್ಳು ಬಳ್ಳಿಯ ಕಾಯಿಯೊಳಗಿನ ಬೂದು ಬಣ್ಣದ ಗಟ್ಟಿ ಬೀಜ, ಗಜ್ಜುಗ ಎಂದೂ ಅನ್ನುತ್ತಾರೆ. ಐದು ಬೀಜ ಹಿಡಿದು, ಒಂದನ್ನು ಮೇಲೆ ಹಾರಿಸಿ, ಅದು ಕೆಳಗೆ ಬೀಳುವಷ್ಟರಲ್ಲಿ ನೆಲದ ಮೇಲಿನದನ್ನು ಬಾಚಿ, ಹಾರಿಸಿದ್ದನ್ನು ಹಿಡಿಯಬೇಕು. ಮೊದಲು ಒಂದೊಂದು, ಆಮೇಲೆ ಎರಡೆರಡು, ಆಮೇಲೆ ಕೂಡಿ. ಮರಾಠಿಯಲ್ಲಿ ಅದಕ್ಕೆ ಸಾಗರಗೋಟೆ ಎನ್ನುತ್ತಾರೆ. ಗಿಡಮೂಲಿಕೆಯ ಅಂಗಡಿಯಲ್ಲಿ ಈಗಲೂ ಸಿಗುತ್ತದೆ, ಔಷಧಿಗೆಂದು ಮಾರುತ್ತಾರೆ.

ತಂದು ಕೊಟ್ಟರು. ಸೊಸೆಯ ಹೆಸರು ಹೇಳಲಾರದ ಆ ಮುದುಕಿ ಕಾಲು ಮಡಚಿ ಕೂತು, ಬೀಜ ಹಾರಿಸಿ, ಬಾಚಿ, ಹಿಡಿದಳು. ಎರಡನೆಯ ಸಲ ತಪ್ಪಿತು. ಮೂರನೆಯ ಸಲ ಎರಡೆರಡು ಬಾಚಿದಳು. ಮೊಮ್ಮಗಳು ಬಾಯಿ ತೆರೆದು ನೋಡಿದಳು. ಅಜ್ಜಿ ಅವಳ ಕೈ ಹಿಡಿದು ಬೆರಳು ಹೇಗೆ ಬಗ್ಗಿಸಬೇಕೆಂದು ತಿದ್ದಿದಳು. ಯಾರ ಮಗಳೆಂದು ಗೊತ್ತಿರಲಿಲ್ಲ, ಬೆರಳು ತಪ್ಪಿದೆ ಎಂದು ಗೊತ್ತಿತ್ತು.

ಇದು ಹೇಗೆ ಸಾಧ್ಯ ಎಂದು ನಾವು ವಿಚಾರಿಸಿದೆವು. ಇದಕ್ಕೂ ಒಂದು ಹಳೆಯ ಪರೀಕ್ಷೆ ಇದೆ. ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ಮನುಷ್ಯನಿಗೆ ಮೂರ್ಛೆರೋಗ ಇತ್ತು. 1953ರಲ್ಲಿ ಮಿದುಳಿನ ಒಂದು ಭಾಗ ತೆಗೆದರು. ಫಿಟ್ಸ್ ಕಡಿಮೆಯಾಯಿತು, ಆದರೆ ಅಂದಿನಿಂದ ಹೊಸದಾಗಿ ಏನೂ ನೆನಪಿನಲ್ಲಿ ನಿಲ್ಲದಂತಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಅವನಿಗೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ಒಂದು ನಕ್ಷತ್ರದ ಗೆರೆ ತಿದ್ದಲು ಹೇಳಿದರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಅವನಿಗೋ, ಇದನ್ನು ಹಿಂದೆ ಮಾಡಿದ್ದೇ ಗೊತ್ತಿಲ್ಲ. ಅಂದರೆ ಬಾಯಿಂದ ಹೇಳುವ ನೆನಪಿಗೆ ಒಂದು ವಹಿ, ಕೈಯ ನೆನಪಿಗೆ ಇನ್ನೊಂದು ವಹಿ. ಒಂದು ಸುಟ್ಟರೂ ಇನ್ನೊಂದು ಉಳಿಯಬಹುದು.

ಆ ಅಜ್ಜಿ ಮರು ವರ್ಷ ತೀರಿಕೊಂಡಳು. ಗಜಗದಿಂದ ಅವಳ ಜಡ್ಡು ವಾಸಿಯಾಯಿತೆಂದು ಯಾರೂ ತಿಳಿಯಬೇಡಿರಿ, ಆಗಲಿಲ್ಲ. ಕಡೆಯ ತಿಂಗಳುಗಳಲ್ಲಿ ಬೀಜ ಹಿಡಿಯಲೂ ಆಗಲಿಲ್ಲ. ಆದರೆ ಆ ಮನೆಯಲ್ಲಿ ಅತ್ತೆ ಸೊಸೆಗೆ ಆಡಲು ಮಾತೇ ಇಲ್ಲದ ಒಂದು ವರ್ಷದಲ್ಲಿ ಐದು ಬೀಜ ಮಾತಾಡಿದವು. ನಾವು ಮಣ್ಣಿಗೆ ಹೋದ ದಿನ ಸೊಸೆ ಅವನ್ನು ಸೀರೆಯ ಸೆರಗಿಗೆ ಕಟ್ಟಿಕೊಂಡಿದ್ದಳು.

ಗಂಡಸರು ಈಗ ಕೇಳುತ್ತಾರೆ: ನಮ್ಮ ಮಾತು ಎಲ್ಲಿ? ಗಂಡಸರ ನಾದಕ್ಕೆ ಕೊಲ್ಹಾಪುರದಲ್ಲಿ ಕೊರತೆ ಇಲ್ಲ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರಿಂದ ಇದೆ. ಪೇಟೆ ಪೇಟೆಗೆ ತಾಲೀಮು. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ಬೆಳಗಾವಿ ಜಿಲ್ಲೆಯ ಯಕ್ಸಂಬಾದವರು. ಕೊಲ್ಹಾಪುರದ ಕೆಂಪು ಮಣ್ಣಿನಲ್ಲಿ ತಯಾರಾಗಿ, 2020ರಲ್ಲಿ ಇದೇ ಊರಿನಲ್ಲಿ ಕಣ್ಣು ಮುಚ್ಚಿದರು. ಅವರ ಹೆಸರು ಹೇಳಿದರೆ ನಮ್ಮ ಮುದುಕರ ಬೆನ್ನು ಈಗಲೂ ನೆಟ್ಟಗಾಗುತ್ತದೆ. ಇದೇ ತಾಲೀಮುಗಳ ಹೆಸರಿನಲ್ಲಿ ಈಗ ಫುಟ್‌ಬಾಲ್ ತಂಡಗಳಿವೆ. ಪಾಟಾಕಡೀಲ, ಖಂಡೋಬಾ, ದಿಲಬಹಾರ, ಬಾಲಗೋಪಾಲ ತಂಡಗಳು ಶಾಹೂ ಸ್ಟೇಡಿಯಮ್ಮಿನಲ್ಲಿ ಎದುರಾದರೆ ಪೇಟೆಗಳಿಗೆ ನಿದ್ದೆ ಇಲ್ಲ. ಗಡಹಿಂಗ್ಲಜದ ಹುಡುಗರ ಫುಟ್‌ಬಾಲಿನ ಹುಚ್ಚನ್ನು ನಾವು ಹೇಳಬೇಕಾಗಿಲ್ಲ, ಈ ಅಂಗಳದ ಹಿಂದಿನ ಕಿಟಕಿಯ ಗಾಜೇ ಹೇಳುತ್ತದೆ.

ಇದರಲ್ಲಿ ನಮಗೆ ಕಂಡದ್ದಿಷ್ಟು. ನಾದ ಉಳಿಯಬೇಕಾದರೆ ಅದಕ್ಕೊಂದು ಜಾಗ ಬೇಕು. ಕುಸ್ತಿಗೆ ಜಾಗ ಇತ್ತು, ಕುಸ್ತಿ ಉಳಿಯಿತು. ತಾಲೀಮಿನ ಜಾಗ ಇತ್ತು, ಅದರಲ್ಲೇ ಫುಟ್‌ಬಾಲೂ ಬೆಳೆಯಿತು. ಹೆಣ್ಣುಮಕ್ಕಳ ಗಜಗಕ್ಕೆ, ಗುಳ್ಳವ್ವಗೆ ಯಾವ ಮಹಾರಾಜರು ಮೈದಾನ ಕಟ್ಟಿಸಿದರು? ಅವರ ಜಾಗ ಹಿತ್ತಲು, ಕಟ್ಟೆ, ಬೀಸುವ ಕಲ್ಲಿನ ಮೂಲೆ. ಒಂದೇ ಕೋಣೆಯ ಮನೆಯಲ್ಲಿ ಹಿತ್ತಲೂ ಇಲ್ಲ, ಕಟ್ಟೆಯೂ ಇಲ್ಲ. ಇನ್ನು, ನಾದವೆಂದು ಹೇಳಿಕೊಳ್ಳುವ ಎಷ್ಟೋ ಗಂಡಸರು ಈಗ ಬರೇ ನೋಡುವವರು. ಮೊದಲು ಗ್ಯಾಲರಿಯಲ್ಲಿ ಕೂತು ನೋಡಿದರು, ಈಗ ಮೊಬೈಲಿನಲ್ಲಿ ನೋಡುತ್ತಾರೆ. ನೋಡುವುದು ತಪ್ಪಲ್ಲ. ಆದರೆ ಅರವತ್ತರಲ್ಲಿ ಕಿವಿ ಮಂದವಾಗಿ ಮಗ್ಗ ಬಿಟ್ಟು ಮನೆಗೆ ಬಂದು ಕೂತವನ ಕೈಗೆ ಅದು ಏನೂ ಕೊಡುವುದಿಲ್ಲ.

1982ರ ಮುಂಬಯಿ ಗಿರಣಿ ಮುಷ್ಕರದ ನಂತರ ಆಜರಾ, ಚಂದಗಡ, ಗಡಹಿಂಗ್ಲಜದ ಎಷ್ಟೋ ಮಂದಿ ಊರಿಗೆ ಮರಳಿದರು. ಅಲ್ಲಿ ಒಂದೇ ಕೋಣೆಯಲ್ಲಿ ಹತ್ತು ಹದಿನೈದು ಜನ ಪಾಳಿಯ ಮೇಲೆ ಮಲಗಿ ಎದ್ದವರು. ಮರಳಿದವರಿಗೆ ಕೆಲಸ ಇರಲಿಲ್ಲ ಎಂಬುದನ್ನು ಎಲ್ಲರೂ ಬರೆದರು. ಊರ ಕಟ್ಟೆಯ ಮೇಲೆ ಕೂತರೆ ಹುಲಿ-ಕುರಿ ಆಟದ ಮನೆಗಳನ್ನು ಹಾಸುಗಲ್ಲಿನಲ್ಲಿ ಕೊರೆದದ್ದು ಕಾಣುತ್ತಿತ್ತು, ಆಡುವುದು ಹೇಗೆಂದು ಮರೆತಿತ್ತು ಎಂದು ಅವರಲ್ಲಿ ಒಬ್ಬರು ನಮಗೆ ಹೇಳಿದರು. ಹೇಳಿ ನಕ್ಕರು. ಆ ನಗೆ ನಮಗೆ ಸೇರಲಿಲ್ಲ.

ತೋಟದ ಲೈನಿನ ಬಂಧುಗಳೇ, ನಿಮ್ಮದು ಬೇರೆ ಎಂದು ನಾವು ತಿಳಿಯುವುದಿಲ್ಲ. ನಿಮ್ಮ ಸಾಲು ಮನೆಗಳಲ್ಲಿ ಒಂದು ಗೋಡೆಯ ಆಚೆ ತಮಿಳು, ಈಚೆ ತುಳು, ಮೂರನೆಯದರಲ್ಲಿ ಕನ್ನಡ. ಮಕ್ಕಳು ಕೂಡಿ ಆಡುವಾಗ ಯಾವುದೋ ಒಂದು ಗೆಲ್ಲುತ್ತದೆ, ಉಳಿದ ಮನೆಗಳ ಆಟದ ಹೆಸರುಗಳು ಒಲೆಯ ಮುಂದೆಯೇ ಆರಿಹೋಗುತ್ತವೆ. 1951ರ ತೋಟ ಕಾರ್ಮಿಕರ ಕಾಯಿದೆ ಮನೆ, ನೀರು, ಔಷಧದ ಸಂಗಡ ಕೆಲಸಗಾರರಿಗೂ ಮಕ್ಕಳಿಗೂ ಮನರಂಜನೆಯ ಸೌಲಭ್ಯ ಎಂಬ ಮಾತನ್ನೂ ಬರೆದಿತ್ತು. 2020ರ ಹೊಸ ಸಂಹಿತೆಯಲ್ಲಿ ಆ ಕಾಯಿದೆಯನ್ನು ಸೇರಿಸಿದರು. ಕ್ಲಬ್ಬಿನ ಹೆಸರಿನಲ್ಲಿ ಒಂದು ಕೋಣೆ, ಕೋಣೆಗೆ ಒಂದು ಬೀಗ, ಬೀಗದ ಕೀಲಿ ರೈಟರ ಹತ್ತಿರ. ನಿಮ್ಮ ಕಡೆ ಹೀಗೆ ಇದ್ದರೆ ಮುಂದಿನ ಬೇಡಿಕೆಯ ಪಟ್ಟಿಯಲ್ಲಿ ಆ ಕೀಲಿಯನ್ನೂ ಬರೆಯಿರಿ. ಕೂಲಿಯ ಕೆಳಗೆ ಬರೆದರೂ ಆದೀತು, ಬಿಟ್ಟುಬಿಡಬೇಡಿರಿ.

ಬಾಲ್ಯ ತಿರುಗಿ ಬರಲಿ ಎಂದು ನಾವು ಹೇಳುತ್ತಿಲ್ಲ. ಆ ಬಾಲ್ಯದಲ್ಲಿ ಹಸಿವೆ ಇತ್ತು, ಸಾಲೆ ಬಿಟ್ಟು ದನ ಕಾಯುವುದಿತ್ತು, ಬಡಿತ ಇತ್ತು. ಎಷ್ಟೋ ಜನ ಅದನ್ನು ಬೇಕೆಂದೇ ಮರೆತಿರಬಹುದು, ಅವರನ್ನು ಕೆದಕಬೇಡಿರಿ. ಮೂರು ವರ್ಷದ ಮುಂಚಿನದಂತೂ ಹೆಚ್ಚಾಗಿ ಯಾರಿಗೂ ನೆನಪಿರುವುದಿಲ್ಲ, ಅದಕ್ಕಾಗಿ ಕೊರಗುವುದೂ ಬೇಡ. ಆದರೆ ಕೈಗೆ ಗೊತ್ತಿದ್ದು ಬಾಯಿಗೆ ಗೊತ್ತಿಲ್ಲದ್ದು ನಿಮ್ಮಲ್ಲಿ ಒಂದಿಲ್ಲೊಂದು ಇದ್ದೇ ಇದೆ. ಮಗ್ಗದ ಅಣ್ಣನಿಗೆ ನಾವು ಒಂದು ಬಗರಿಯನ್ನೂ ದಾರವನ್ನೂ ಕೊಟ್ಟು ನೋಡಿದೆವು. ‘ಬಗರಿ’ ಎಂದೇ ಹೇಳಿ ಕೊಟ್ಟೆವು. ಹರಿದ ನೂಲಿಗೆ ಕಣ್ಣು ಮುಚ್ಚಿ ಗಂಟು ಹಾಕುವ ಬೆರಳು ಅವನದು. ದಾರ ಸುತ್ತಿದ, ಬೀಸಿದ, ತಿರುಗಲಿಲ್ಲ. ಎರಡನೆಯದೂ ತಿರುಗಲಿಲ್ಲ. ಮೂರನೆಯದು ತಿರುಗಿತು. ತಿರುಗುವಾಗ ‘ನಮ್ಮ ಕಾಕಾ ಇದಕ್ಕ ಮಳಿ ಹೊಡಸ್ಕೊಂಡ ಬರತಿದ್ದ ಕಮ್ಮಾರನ ಕಡೆ’ ಎಂದ. ಅಷ್ಟು ಹೇಳಿ ಕಾಕಾನ ಹೆಸರು ಹೇಳಿದ, ಕಮ್ಮಾರನ ಹೆಸರು ಹೇಳಿದ, ಕಮ್ಮಾರನ ಮನೆಯ ಮುಂದಿನ ಹುಣಸೆ ಗಿಡ ಹೇಳಿದ. ಪಾಳಿಯ ಹೊತ್ತಾಯಿತು, ಎದ್ದು ಹೋದ. ಅಂಥ ಹಳೆಯ ಮಗ್ಗಗಳನ್ನೂ ಈಗ ಗುಜರಿಗೆ ಹಾಕಿ, ಧೋಟಾ ಇಲ್ಲದ ಹೊಸ ಮಗ್ಗ ತರುತ್ತಿದ್ದಾರೆ. ಅವನು ಗಂಟು ಹಾಕುವ ಕಲೆಯನ್ನು ನಾಳೆ ಯಾರು ನೆನಪಿಡುತ್ತಾರೋ, ಅದೂ ಒಂದು ವಿಚಾರವೇ.

ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಬರುವ ರವಿವಾರ ಮಧ್ಯಾಹ್ನ ಇದೇ ಅಂಗಳದಲ್ಲಿ ಕೌದಿ ಹಾಕಲು ಕೂಡುತ್ತೇವೆ. ಇಲ್ಲಿಯವರು ಅದಕ್ಕೆ ವಾಕಳ ಎನ್ನುತ್ತಾರೆ. ಆ ಅಕ್ಕಂದಿರನ್ನೂ ಕರೆದಿದ್ದೇವೆ. ಎರಡು ಮೂರು ಜನ ಹಿರಿಯರು ಹೊಲಿಯುವುದನ್ನು ತೋರಿಸಲು ಒಪ್ಪಿದ್ದಾರೆ. ಹಳೆಯ ಸೀರೆ, ಧೋತರ ತರುವವರು ಒಗೆದು ಒಣಗಿಸಿ ತನ್ನಿರಿ. ನೈಲಾನ್ ಬೇಡ, ಸೂಜಿ ಜಾರುತ್ತದೆ. ಸೂಜಿ ದಪ್ಪದ್ದೇ ಬೇಕು, ದಾರ ನಾವು ತರುತ್ತೇವೆ. ಹೊಲಿಯುವಾಗ ಯಾರಿಗಾದರೂ ಹಳೆಯ ಪದ ಬಾಯಿಗೆ ಬಂದರೆ ಅರ್ಧಕ್ಕೆ ನಿಂತರೂ ನಾಚಬೇಡಿರಿ, ಪಕ್ಕದವರಿಗೆ ಉಳಿದರ್ಧ ಗೊತ್ತಿರಬಹುದು. ಗಂಡಸರು ಬಂದರೆ ಗೋಡೆಗೆ ಒರಗಿ ನೋಡುವಂತಿಲ್ಲ, ಹಾಸಿದ ಸೀರೆಯ ಮೂಲೆ ಹಿಡಿಯಬೇಕು. ಮಕ್ಕಳಿಗೆ ಗಜಗ ತಂದಿಟ್ಟಿದ್ದೇವೆ, ಎರಡು ಕೈಯಷ್ಟಿವೆ. ಸಣ್ಣ ಕೂಸುಗಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿರಿ.